ಷರಾ

ಮೂರು ತಂತ್ರಾಂಶ. ಮೂರೂ ಒಂದು ತಿಂಗಳ ಮಟ್ಟಿಗೆ ಪುಕ್ಕಟೆ.
ವೇಲ್ಸಿನ ಪೆಂಟ್ರೆವೆನ್, ಚಾಪೆಲಿನ ಹಿಂದಿನ ಕೋಣೆ;
ಹೀಟರು ಕೆಮ್ಮುತ್ತದೆ, ಖಜಾಂಚಿ ಎಮ್ರಿಸ್ ಬೆಲೆ ಓದುತ್ತಾನೆ.

ಡಿಲಿಸ್‌ಳ ಬಿಸ್ಕತ್ತಿನ ಡಬ್ಬಿಯಲ್ಲಿ ನೂರಾ ಹನ್ನೆರಡು ಚೀಟಿ:
‘ಮೆರೆಡಿತ್: ಅಳಲು ಬಾರದು, ಮೂರ್ಛೆ ಸೊಗಸಾಗಿ ಹೋಗುತ್ತಾನೆ.’
‘ನೆಸ್ಟಾ: ಏಣಿ ಅವಳದು. ಕೇಳಿಯೇ ಒಯ್ಯಿರಿ.’

ಇದಕ್ಕೆಲ್ಲ ಕಲಮು ಎಲ್ಲಿ?
ಮೊದಲನೆಯದರಲ್ಲಿಲ್ಲ.
ಎರಡನೆಯದು ಇಪ್ಪತ್ತೇ ಅಕ್ಷರ ಕೊಡುತ್ತದೆ, ಜಿಪುಣ.
ಮೂರನೆಯದಕ್ಕೆ ಹೆಸರು ತುಂಬುತ್ತಿದ್ದ ಹುಡುಗ ತಡೆದ:
‘ಐವರ್ ಪ್ರೋಸರ್, ಪರದೆ ಎಳೆಯುವವರು...
ಮಣ್ಣಾಗಿ ಒಂಬತ್ತು ವರ್ಷ ಅಂತಿದೆ. ಚಂದಾ ಮಾತ್ರ
ಈ ಜನವರಿಯವರೆಗೂ ಸಂದಿದೆಯಲ್ಲ?’

ಎಮ್ರಿಸ್ ಕನ್ನಡಕ ಒರೆಸಿದ, ಒರೆಸುತ್ತಲೇ ಇದ್ದ.

ಡಿಲಿಸ್ ಡಬ್ಬಿಯ ಮುಚ್ಚಳ ಒತ್ತಿದಳು.
‘ಮೂರನೆಯದೇ ಇರಲಿ.
ಚಂದಾ ಕಟ್ಟುವ ದಿನ ತಾನೇ ನೆನಪಿಸುತ್ತದಂತೆ.
ನನಗೂ ಈಗೀಗ ಮರೆವು.’