ಕೆಂಪು ಕಾಣದ ಕಾಗದ

ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ ಅಪ್ಪನ ಸ್ಟುಡಿಯೋ.
ಮುಂದೆ ಅಂಗಡಿ, ಹಿಂದೆ ಮನೆ,
ನಡುವೆ ಕಿಟಕಿಯಿಲ್ಲದ ಕತ್ತಲ ಕೋಣೆ.
ನನಗೆ ಮೊದಲ ಸಲ ಕಾಗೆ ಮುಟ್ಟಿದಾಗ
ಹೊರಗೆ ಕೂರಿಸಲು ನಮಗೆ ಹೊರಗೇ ಇರಲಿಲ್ಲ.
ಅವ್ವ ಚಾಪೆ, ಚೊಂಬು, ತಟ್ಟೆ ಕೊಟ್ಟು
ಅಲ್ಲಿಗೇ ಕಳಿಸಿದಳು.

ತಲೆಯ ಮೇಲೆ ಕೆಂಪು ಬಲ್ಬು.
ಹೈಪೋ ವಾಸನೆ. ಮೂರು ಟ್ರೇ.
ಮೂರು ದಿನ ಅಪ್ಪ ಒಳಗೆ ಬರುವಂತಿಲ್ಲ.
ಮದುವೆಯ ರೀಲು ಕೇಳಿಕೊಂಡು ಬಂದವರಿಗೆಲ್ಲ
"ಬೆಂಗಳೂರಿಂದ ಕೆಮಿಕಲ್ ಬಂದಿಲ್ಲ ಸ್ವಾಮಿ"
ಅನ್ನುವುದು ಗೋಡೆಯಾಚೆ ಕೇಳುತ್ತಿತ್ತು.
ತಿಂಗಳು ತಿಂಗಳೂ ಬಾರದ ಕೆಮಿಕಲ್ಲು.
ಊರಿಗೆ ಗೊತ್ತಿತ್ತೇನೋ. ಯಾರೂ ಆಡಲಿಲ್ಲ.

ಒಮ್ಮೆ ಬಾಗಿಲ ಸಂದಿಯಿಂದ,
ಅವ್ವನಿಗೆ ಕೇಳದ ಹಾಗೆ, ಅಪ್ಪನೇ ಹೇಳಿಕೊಟ್ಟ:
ಈ ಕಾಗದಕ್ಕೆ ಕೆಂಪು ಕಾಣಿಸದು ಮಗಾ, ಅದಕ್ಕೇ ಈ ದೀಪ.
ಬಿಳಿ ಬೆಳಕು ತಗುಲಿತೋ ಕೆಟ್ಟಿತು;
ಕೆಂಪಿನಲ್ಲಿದ್ದರೆ ಏನೂ ಆಗದು.

ಏನೂ ಆಗದು.
ಅವನು ಹೇಳಿದ್ದು ಕಾಗದಕ್ಕೆ.
ನಾನು ಇಟ್ಟುಕೊಂಡೆ.

ಈಗ ಅಪ್ಪನಿಲ್ಲ. ರೀಲು ಕೇಳುವವರೂ ಇಲ್ಲ.
ಪಾಸ್‌ಪೋರ್ಟ್ ಸೈಜು ಎಂಟಕ್ಕೆ ಎಪ್ಪತ್ತು ರೂಪಾಯಿ, ಪಕ್ಕದಲ್ಲಿ ಜೆರಾಕ್ಸು.
ಕಾರ್ತೀಕದ ಒಂದು ಮಧ್ಯಾಹ್ನ ಕೆಂಚಮ್ಮ ಬಂದಳು,
ಜಂಕ್ಷನ್ನಿನ ಎರಡನೇ ಪ್ಲಾಟ್‌ಫಾರಂ ಗುಡಿಸುವವಳು.
ಯಾವುದೋ ಫಾರಮ್ಮಿಗೆ ಫೋಟೋ ಅಂದಳು, ತೆಗೆದೆ.
ಆದರೂ ಸ್ಟೂಲು ಬಿಟ್ಟು ಏಳಲಿಲ್ಲ.

"ವರ್ಷ ತುಂಬ್ತು ಕಣವ್ವ, ನಿಂತೋಯ್ತು.
ಬಂದಾಗ ಚಿಗಳಿ ತಿನ್ಸಿದ್ರು, ಕೊಬ್ಬರಿ ಬೆಲ್ಲ ಕೊಟ್ರು,
ಹಸೆ ಮೇಲೆ ಕೂರ್ಸಿ ಆರತಿ ಎತ್ತಿದ್ರು.
ಹೋದಾಗ ಒಬ್ಬರೂ ಕೇಳ್ಲಿಲ್ಲ.
ಒಂದು ಫೋಟೋ ಹಿಡಿ."

ಮುಖದ್ದಲ್ಲ.
ಸೆರಗು ಸರಿಸಿ ಹೊಟ್ಟೆ ತೋರಿಸಿದಳು:
ನಾಲ್ಕು ಬಸಿರು ಗೀಚಿಹೋದ ಗೆರೆಗಳು,
ಅದರಲ್ಲೊಂದು ಉಳಿಯದೆ ಹೋದ ಮಗುವಿನದು;
ಯಾವುದೆಂದು ಅವಳು ಬೆರಳಿಟ್ಟು ತೋರಿಸಬಲ್ಲಳು.

ಚೀಲದಿಂದ ಒಂದು ಬಟ್ಟೆ ತೆಗೆದಳು,
ಹಸಿರು ಸೀರೆಯ ಹರುಕು,
ಎಷ್ಟು ಒಗೆದರೂ ಬಿಡದ ಕಂದು ದಡ ಅದರ ಮೇಲೆ.
ಲಂಗದ ಕೆಳಗೆ, ಕೊಟ್ಟಿಗೆಯ ಹಿಂದೆ,
ಕದ್ದು ಕದ್ದು ಒಣಗಿದ್ದು.
"ಬಿಸಿಲು ಕಂಡಿಲ್ಲ ಇದು" ಅಂದಳು.
ತಾರಸಿಗೆ ಹತ್ತಿದೆವು. ಹಗ್ಗಕ್ಕೆ ಹಾಕಿ ಕ್ಲಿಪ್ಪು ಸಿಕ್ಕಿಸಿದೆವು.
ಶಿವಮೊಗ್ಗದ ಗಾಡಿ ಕೂಗಿಕೊಂಡು ಹೋಯಿತು,
ಬಟ್ಟೆಗೆ ಗಾಳಿ ತುಂಬಿತು.
ಅಪ್ಪನ ಹಳೇ ಕ್ಯಾಮೆರಾದಲ್ಲಿ ಉಳಿದಿದ್ದ ಹನ್ನೆರಡೂ
ಅವಳಿಗೇ ಖರ್ಚು ಮಾಡಿದೆ.

ಕತ್ತಲ ಕೋಣೆಯಲ್ಲಿ ನನ್ನ ಮಗ್ಗುಲಿಗೆ ನಿಂತು
ಟ್ರೇಯೊಳಗೆ ಇಣುಕಿದಳು.
ನೀರಲ್ಲಿ ಮೊದಲು ಹೊಕ್ಕುಳು ಬಂತು,
ಆಮೇಲೆ ಗೆರೆ ಗೆರೆಯಾಗಿ ಅವಳು.
"ಫೋಟೋ ತೊಳೆಯೋದು ಅಂತಾರಲ್ಲ, ಇದೇನಾ?"
ಹೂಂ ಅಂದೆ.
ಸ್ವಲ್ಪ ಹೊತ್ತು ಬಿಟ್ಟು ಅಂದಳು:
"ನಾವು ಹೋಗ್ಲಿ ಅಂತ ತೊಳೀತಿದ್ವಿ.
ನೀನು ತೊಳೆದ್ರೆ ಬರುತ್ತಲ್ಲ."

ಶೋಕೇಸಿನಲ್ಲಿ, ಕೃಷ್ಣನ ವೇಷದ ಕೂಸುಗಳ ನಡುವೆ,
ಎರಡನ್ನೂ ಇಟ್ಟಿದ್ದೇನೆ.
ಕೊಬ್ಬರಿ ಮಂಡಿಗೆ ಹೊರಟಿದ್ದ ಒಬ್ಬರು ನಿಂತು ಕೇಳಿದರು,
"ಯಾವ ಬೆಟ್ಟ ಮೇಡಂ ಇದು, ಹಿರೇಕಲ್ಲಾ?
ಮಳೆ ಜೋರಾಗಿ ಹರಿದಿದೆ."
ಬೇಕರಿಯವರಿಗೆ ಮಾತ್ರ ಬಟ್ಟೆ ಯಾವುದೆಂದು ತಿಳಿದುಹೋಯಿತು.
ತೆಗೆದುಬಿಡಿ ಅಂದರು. ಯಾಕೆ ಅಂದೆ.
ಹೇಳಲು ಪದ ಸಿಗದೆ
ಎರಡು ಬೆಣ್ಣೆ ಬಿಸ್ಕತ್ತು ಕೊಟ್ಟು ಹೋದರು.

ಮೊನ್ನೆ ಹೂ ಕಟ್ಟುವ ರತ್ನವ್ವ,
ನಿನ್ನೆ ಬುರ್ಖಾ ಸರಿಮಾಡಿಕೊಳ್ಳುತ್ತ ನೂರ್‌ಜಬೀನ್,
ದನಿ ತಗ್ಗಿಸಿ ಕೇಳಿದರು:
ನಮ್ಮದೂ ಹಿಡಿತೀರಾ?

ಹಿಡಿಯುತ್ತೇನೆ, ಬನ್ನಿ,
ಒಂದು ವಾರ ತಡೆಯಿರಿ ಅಂದೆ.
ಬೆಂಗಳೂರಿಂದ ಕೆಮಿಕಲ್ ಬಂದಿಲ್ಲ.
ಈ ಸಲ ನಿಜವಾಗಿಯೂ.