ಗುಂಡಿ

ಟಾಡ್ಮರ್ಡನ್ನಿನ ಏರುಬೀದಿ, ಬೆಳಗಿನ ಆರೂಕಾಲು.
ಫೆಬ್ರವರಿ. ಗಾಜಿನ ಮೇಲಿನ ಹಿಮ ಕೆರೆದದ್ದು
ಅವಧಿ ಮುಗಿದ ಲೈಬ್ರರಿ ಕಾರ್ಡಿನಿಂದ.
ಚರ್ಚಿನ ತಿರುವಿನಲ್ಲಿ ಕೌನ್ಸಿಲಿನವರು
ಸುತ್ತ ಹಳದಿ ಗೆರೆ ಎಳೆದು
ಮುಚ್ಚದೆ ಬಿಟ್ಟುಹೋದ ಗುಂಡಿ.
ದಿನಾ ತಪ್ಪಿಸುತ್ತೇನೆ, ಇವತ್ತು ತಪ್ಪಲಿಲ್ಲ.

ಧಡ್.
ಹಲ್ಲಿಗೆ ಹಲ್ಲು ತಾಗಿತು. ಫಿಯೆಸ್ಟಾ
ನಾಲ್ಕು ಮಾರು ಉರುಳಿ ಸುಮ್ಮನಾಯಿತು.

ಕೀ ತಿರುವಿದೆ. ಗರಗರ ಅಂದಿತು, ಹತ್ತಿಕೊಳ್ಳಲಿಲ್ಲ.
ದೀಪ ಉರಿಯುತ್ತದೆ, ವೈಪರ್ ಆಡುತ್ತದೆ,
ರೇಡಿಯೋ ಲೀಡ್ಸಿನ ಟ್ರಾಫಿಕ್ ಹೇಳುತ್ತದೆ.
ಆರುನೂರು ಪೌಂಡಿಗೆ ಬಂದವಳು,
ಮುನಿಸು ಮಾತ್ರ ಮಹಾರಾಣಿಯದು.
ಬೈದೆ. ನಮ್ಮ ಕಡೆಯ ಬೈಗುಳ
ಇಲ್ಲಿ ಯಾರಿಗೂ ತಿಳಿಯದೆಂಬುದೊಂದು ಸೌಕರ್ಯ.
ಆಮೇಲೆ ಬೇಡಿಕೊಂಡೆ:
ಆರೂವರೆಗೆ ಹೆಪ್‌ವರ್ತ್ ಅಜ್ಜಿಯನ್ನು ಎಬ್ಬಿಸಬೇಕು ಮಾರಾಯ್ತಿ,
ಅವಳ ಮೂತ್ರಕ್ಕೆ ಇದೆಲ್ಲ ಗೊತ್ತಾಗುವುದಿಲ್ಲ.

ನಾಯಿ ಹಿಡಿದು ವಿಲ್ಫ್ ಬಂದ,
ಹ್ಯಾಲಿಫ್ಯಾಕ್ಸಿನ ಬಸ್ ಡಿಪೋದಲ್ಲಿ
ಮೂವತ್ತು ವರ್ಷ ಸ್ಪ್ಯಾನರ್ ಹಿಡಿದವನು.
ಬಾನೆಟ್ ಎತ್ತಲೇ ಇಲ್ಲ. ಮೊದಲು ಬಗ್ಗಿ
ಕಾರಿನ ಹೊಟ್ಟೆಯಡಿ ಮೂಸಿದ. ನಾಯಿಯೂ ಮೂಸಿತು.
‘ಸೋರಿಲ್ಲ. ಕೀ ಅರ್ಧ ತಿರುಗಿಸು, ಲವ್.
ಹಿಂದಿನ ಸೀಟಿಗೆ ಕಿವಿ ಕೊಡು. ಗುಂಯ್ ಅನ್ನುತ್ತಾ?’

ನಾನು ನೀರುಗಂಟಿಯ ಮಗಳು.
ಹರಪನಹಳ್ಳಿಯ ಪಂಪ್‌ಹೌಸಿನಲ್ಲಿ ಮೋಟರು ನಿಂತರೆ
ನಿದ್ದೆಯಲ್ಲೇ ಎದ್ದು ಕೂರುತ್ತಿದ್ದ ಮನೆ;
ಸದ್ದು ನಿಂತದ್ದೇ ನಮಗೆ ಸದ್ದು.
ಅಪ್ಪ ಲುಂಗಿ ಬಿಗಿದು ಹೋಗಿ
ಡಬ್ಬಿಯ ಹಸಿರು ಗುಂಡಿ ಒತ್ತಿ
ಬೀಡಿ ಹಚ್ಚಿಕೊಂಡು ವಾಪಸ್ಸು ಬರುವಷ್ಟರಲ್ಲಿ
ಬೀದಿಯುದ್ದ ನಲ್ಲಿಗಳು ಕೆಮ್ಮುತ್ತಿದ್ದವು.

ಸೀಟಿಗೆ ಕಿವಿ ಇಟ್ಟೆ.
ಹಳೇ ಬಿಸ್ಕತ್ತಿನ ವಾಸನೆ. ಗುಂಯ್ ಇಲ್ಲ.
‘ಪಂಪು ಟ್ರಿಪ್ಪಾಗಿದೆ’ ಅಂದೆ, ವಿಲ್ಫ್‌ಗಿಂತ ಮುಂಚೆ.

ಹಾಗಾದರೆ ಡಬ್ಬಿ ಎಲ್ಲಿ?
‘ಕೀ ಆರಿಸು. ಎಡಗಡೆ ಕಾಲಿಡುವ ಜಾಗ,
ಆ ಪ್ಲಾಸ್ಟಿಕ್ಕಿನ ಹಿಂದೆ. ಒಳಗೊಂದು ಉಕ್ಕಿನ ಗೋಲಿ.
ಕಾರು ಗುದ್ದಿದರೆ ಗೋಲಿ ಹಾರುತ್ತೆ,
ಗೋಲಿ ಹಾರಿದರೆ ಪಂಪು ನಿಲ್ಲುತ್ತೆ. ಬೆಂಕಿ ಬೀಳಬಾರದಲ್ಲ.
ಅದಕ್ಕೇನು ಗೊತ್ತು, ಪಾಪ,
ಗುದ್ದಿದ್ದು ಲಾರಿಯೋ ರಸ್ತೆಯೋ.’

ಹಗ್ಗ ಕಂಡು ಹಾವೆಂದ ಗೋಲಿ!
ಮಂಡಿಯೂರಿ ಕೈ ತೂರಿಸಿದೆ.
ಸಿಕ್ಕಿದ್ದು ಒಂದು ಪೌಂಡು, ಅಂಟಂಟು ಮಿಠಾಯಿ,
ಯಾವುದಕ್ಕಾಗಿ ಗಂಡನ ಜೊತೆ ವಾರವಿಡೀ
ಮಾತು ಬಿಟ್ಟಿದ್ದೆನೋ ಆ ಓಲೆಯ ತಿರುಪು.
ಕೊನೆಗೆ ಬೆರಳ ತುದಿಗೆ
ಮೇಲೆದ್ದು ನಿಂತ ಗುಂಡಿ. ಕಾಣಲಿಲ್ಲ. ಕೆಂಪಗಿರುತ್ತಂತೆ.
ಗುಂಡಿಗೆ ಬಿದ್ದದ್ದಕ್ಕೆ ಗುಂಡಿ ಎದ್ದಿದೆ
ಎಂದು ವಿಲ್ಫ್‌ಗೆ ಹೇಳಹೋಗಿ,
ಇಂಗ್ಲಿಷಿನಲ್ಲಿ ಅದು ಜೋಕೇ ಅಲ್ಲವೆಂದು ನುಂಗಿಕೊಂಡೆ.

ಒತ್ತಿದೆ. ಕಟ್.
ಮತ್ತೆ ಕೀ. ಹಿಂದಿನಿಂದ, ಎರಡೇ ಸೆಕೆಂಡು,
ಬೆಂಕಿಪೊಟ್ಟಣದಲ್ಲಿ ಸಿಕ್ಕ ದುಂಬಿಯಂತೆ
ಗುಂಯ್.
‘ನೀರು ಬಂತು!’ ಅಂದುಬಿಟ್ಟೆ, ಕನ್ನಡದಲ್ಲೇ.
ನಾಯಿ ಬಾಲ ಆಡಿಸಿತು.

ಹೆಪ್‌ವರ್ತ್ ಅಜ್ಜಿ ಗಡಿಯಾರ ನೋಡುತ್ತ ಮಲಗಿದ್ದಳು.
ನವೆಂಬರಿನಲ್ಲಿ ಬಚ್ಚಲಲ್ಲಿ ಜಾರಿದ್ದು.
ಸೊಂಟದ ಮೂಳೆ ಕೂಡಿದೆ, ನಡೆಯಬಹುದು
ಎಂದು ಡಾಕ್ಟರು ಎರಡು ಸಲ ಬರೆದಿದ್ದಾರೆ.
ಕಾಲುಗಳಿಗೆ ಆ ಕಾಗದ ತಲುಪಿಲ್ಲ.
ಹಾಸಿಗೆ ಬದಲಿಸಿದೆ. ಬಿಸಿನೀರು, ಟವೆಲು, ಪೌಡರು.
ಕಾಲುಚೀಲ ಏರಿಸುವಾಗ, ಅಲ್ಲೇನೂ ಇಲ್ಲವೆಂದು ಗೊತ್ತಿದ್ದೂ,
ಹಿಮ್ಮಡಿಯ ಹಿಂದೆ ನನ್ನ ಹೆಬ್ಬೆರಳು
ತುಸು ಹುಡುಕಿತು. ಒತ್ತಿತು.
‘ಕಚಗುಳಿ ಆಗುತ್ತೆ, ಬಿಡು’ ಅಂದಳು.
ಇಪ್ಪತ್ತು ನಿಮಿಷ ತಡ ಎಂದು
ಪುಸ್ತಕದಲ್ಲಿ ಬರೆಯಲು ನೆನಪಿಸಿದಳು. ಬರೆದೆ.

ವಾಪಸ್ಸು ಅದೇ ತಿರುವು.
ಹಳದಿ ಗೆರೆಯನ್ನು ಬಳಸಿ, ಹೆಣ ಹೊತ್ತವರ ಹಾಗೆ ನಿಧಾನಕ್ಕೆ.
ಪ್ಲಾಸ್ಟಿಕ್ ಮುಚ್ಚಳ ಸರಿಯಾಗಿ ಕೂತಿಲ್ಲ;
ಎಡಗಡೆ, ಯಾರೂ ಕೂರದ ಸೀಟಿನ ಮುಂದೆ
ಕಟಕಟ ಅನ್ನುತ್ತಲೇ ಇದೆ.
ಅನ್ನಲಿ.