ಗೊರಸಿನ ಮೇಲಿನ ಅಂಕಿ

ಅರಸೀಕೆರೆ, ಬಿ.ಎಚ್. ರಸ್ತೆ, ಕೊಬ್ಬರಿ ಮಂಡಿಯೆದುರು
ನನ್ನ ಟೈಪಿಂಗ್ ಅಂಗಡಿ.
ಕ್ರಯಪತ್ರ, ಬಾಡಿಗೆ ಕರಾರು, ಹೆಸರು ತಿದ್ದುಪಡಿಗೆ ಅಫಿಡವಿಟ್ಟು,
ದಿನವೂ ಇಂಥವೇ.
ಒಂದು ಮಂಗಳವಾರ ಜಾವಗಲ್ಲಿನ ಹೊನ್ನಯ್ಯ ಬಂದರು,
ತೋಪಖಾನೆಯ ನಿವೃತ್ತ ಹವಾಲ್ದಾರರು, ಎಡಗಿವಿ ಪೂರ್ತಿ ಹೋದವರು.
ನಡೆವಾಗ ಅವರ ಬಲಗೈ ಮೈಯಿಂದ ಗೇಣು ದೂರ,
ಮುಷ್ಟಿ ಅರ್ಧ ಮುಚ್ಚಿ, ಏನನ್ನೋ ಹಿಡಿದಂತೆ.
ಲಕ್ವ ಹೊಡೆದಿರಬೇಕು ಅಂದುಕೊಂಡೆ.

ರೆಜಿಮೆಂಟಿನಿಂದ ಕಾಗದ ಬಂದಿತ್ತಂತೆ:
ನಲವತ್ತು ವರ್ಷದ ಚರಿತ್ರೆ ಅಚ್ಚಾಗುತ್ತಿದೆ,
ಹಳಬರು ನೆನಪಿದ್ದಷ್ಟು ಬರೆದು ಕಳಿಸಬೇಕು,
ಎರಡು ಪುಟ ಮೀರಬಾರದು.
"ಎಲ್ಡೇ ಪುಟ ಕಣವ್ವ!" ಅವರ ಪಿಸುಮಾತು
ಎದುರಿನ ಮಂಡಿಯ ತಕ್ಕಡಿಯವನಿಗೂ ಕೇಳಿಸಿತು.
ಅವರು ಕನ್ನಡದಲ್ಲಿ ಹೇಳುತ್ತ ಹೋದರು,
ನಾನು ಇಂಗ್ಲಿಷಿಗೆ ತಿರುಗಿಸಿ ಬಡಿಯುತ್ತ ಹೋದೆ.

ಮೊದಲ ಪುಟ ಸಲೀಸು.
ರೆಜಿಮೆಂಟು ಹುಟ್ಟಿದ್ದು ಒಂದು ಬಯಲಿನ ಡೇರೆಗಳಲ್ಲಿ,
ತೋಪು ಬರುವ ಮುಂಚೆ ಮರದ ದಿಮ್ಮಿಗೆ ಗಾಲಿ ಕಟ್ಟಿ ಕವಾಯತು.
ಬಂದ ದಿನ ಪೆರುಮಾಳ್ ನಳಿಗೆಗೆ ಅರಿಶಿನ ಹಚ್ಚಿ
ಸುಬೇದಾರರಿಂದ ಬೈಸಿಕೊಂಡದ್ದು.
"ಕಾಲಾಳಿನೋರಿಗೆ ಬಾವುಟ ಐತೆ, ನಮಗಿಲ್ಲ.
ನಮಗೆ ತೋಪೇ ಬಾವುಟ. ಸತ್ರೂ ಬುಟ್ಟು ಬರಂಗಿಲ್ಲ.
ಇದನ್ನ ದೊಡ್ಡಕ್ಷರದಾಗೆ ಹಾಕು."
ಹಾಕಿದೆ.

"ಬಿಚ್ಚಿದ್ರೆ ಒಂದು ತೋಪು ಎಂಟು ಹೇಸರಗತ್ತೆ ಹೊರೆ.
ಒಂದೊಂದಕ್ಕೂ ಗೊರಸಿನ ಮ್ಯಾಲೆ ಕಾಸಿ ಒತ್ತಿದ ಅಂಕಿ.
ಗೊರಸು ಬೆಳೀತದೆ, ಅಂಕಿ ಕೆಳಕ್ಕಿಳಿದು ಸವೀತದೆ,
ಆರು ತಿಂಗಳಿಗೊಂದ್ಸಲ ಮತ್ತೆ ಒತ್ತಬೇಕು.
ನಂದು ಆರುನೂರ ಹನ್ನೆರಡು. ಬೆಲ್ಲ ಅಂದ್ರೆ ಜೀವ."
ಇಂಗ್ಲಿಷಿಗೆ ಕೇಳಲೇಬೇಕಾಗುತ್ತದೆ:
ಗಂಡೋ, ಹೆಣ್ಣೋ, ಇಲ್ಲ ಬರೀ ವಸ್ತುವೋ?
"ಹೆಣ್ಣು," ಅಂದರು, ಮೊದಲ ಸಲ ಮೆಲ್ಲಗೆ.

ನೀರು ಕೇಳಿ ಕುಡಿದರು.
ಜೊತೆಗೆ ತಂದಿದ್ದ ಹಳೆಯ ದಾಖಲೆಯ ಒಂದು ಸಾಲಿಗೆ ಬೆರಳಿಟ್ಟರು:
ಆ ಚಳಿಗಾಲ, ಹೇಸರಗತ್ತೆ ಏಳು, ನಷ್ಟ.

ಏಳರಲ್ಲಿ ಒಂದು.
ಹಿಮದ ಕಡಿದಾದ ದಾರಿ, ಬೆಳಗಾಗುವುದರೊಳಗೆ ಮೇಲೆ ಮುಟ್ಟಬೇಕು.
ಹಿಂಗಾಲು ಜಾರಿತು. ಬೆನ್ನ ಮೇಲೆ ನಳಿಗೆಯ ಅರ್ಧ.
ಹಗ್ಗ ಹಿಡಿದವರು ಆರು ಜನ, ಹಗ್ಗ ಇದ್ದದ್ದು ನಳಿಗೆಗೆ.
ಎರಡರ ಭಾರ ತಡೆಯುವಂತಿರಲಿಲ್ಲ.
ಯಾರೋ ಕೂಗಿದರು. ಯಾರೆಂದು ಅವರು ಹೇಳಲಿಲ್ಲ.
"ಜೀನಿನ ಪಟ್ಟಿ ಕೊಯ್ದೋನು ನಾನು. ಬರಿ.
ಅದು ನನ್ನ ಮುಖ ನೋಡ್ತು ಅಂತ ಗಿಂತ ಸೇರಿಸಬ್ಯಾಡ,
ಕತ್ತಲಿತ್ತು, ಸುಳ್ಳಾಗ್ತದೆ."

ಬೆಳಗ್ಗೆ ತೋಪು ಜೋಡಿಸಿ ನಲವತ್ತು ಗುಂಡು ಹಾರಿಸಿದರು.
ಕಿವಿ ಹೋದದ್ದು ಆವತ್ತೇ.

ಎರಡು ಪುಟ ಮೀರಿ ನಾಲ್ಕು ಸಾಲು ಚೆಲ್ಲಿತು.
ತಮ್ಮ ಪದಕದ ಸಾಲುಗಳನ್ನು ಹೊಡೆದುಹಾಕಿಸಿದರು.
ಬೇಡವೆಂದರೂ ಮೂವತ್ತು ರೂಪಾಯಿ ಎಣಿಸಿಟ್ಟರು.

ಪುಸ್ತಕ ಬಂದದ್ದು ಮರುವರ್ಷ, ಮಿರುಗುವ ಕಾಗದ, ಚಿನ್ನದ ಅಕ್ಷರ.
ನೂರಾ ನಲವತ್ತೊಂದನೆಯ ಪುಟದಲ್ಲಿ ಅವರದು ಐದು ಸಾಲು.
ಪಟ್ಟಿ ಕೊಯ್ದದ್ದುಂಟು, ಅಂಕಿಯೂ ಉಂಟು:
ಆರುನೂರ ಇಪ್ಪತ್ತೊಂದು.
ಕಾರ್ಬನ್ ಪ್ರತಿ ಹುಡುಕಿ ತೆಗೆದು ನೋಡಿದೆ.
ಜಾರಿದ್ದು ನನ್ನ ಬೆರಳು.

ಹೇಳಿದೆ. ಬಲಗಿವಿಗೆ ಬಾಯಿಟ್ಟು ಎರಡು ಸಲ ಹೇಳಿದೆ.
ಬಹಳ ಹೊತ್ತು ಆ ಪುಟವನ್ನೇ ನೋಡಿದರು.
"ಇಪ್ಪತ್ತೊಂದೂ ಇತ್ತು ಕಣವ್ವ, ಪೆರುಮಾಳಂದು.
ಕಚ್ಚೋದು, ಹಾಳಾದ್ದು. ಭಾರ ಇಳಿಸಿ ನಿವೃತ್ತಿ ಆಗೋಗಂಟ ಬದುಕಿತ್ತು."
ಅಷ್ಟು ಹೇಳಿ ನಕ್ಕರು.
ನನ್ನ ಪೆನ್ನು ಇಸಿದುಕೊಂಡು ತಮ್ಮ ಪ್ರತಿಯಲ್ಲಿ ತಿದ್ದಿಕೊಂಡರು,
ನೀಲಿ ಶಾಯಿಯಲ್ಲಿ, ಒತ್ತಿ, ಹಿಂದಿನ ಪುಟಕ್ಕೂ ಮೂಡುವಂತೆ.
ಉಳಿದ ಪ್ರತಿಗಳಲ್ಲಿ ಹಾಗೇ ಇದೆ.

ಮೆಟ್ಟಿಲಿಳಿದು ರಸ್ತೆಯ ಎಡಬದಿ ಹಿಡಿದರು,
ಕೊಬ್ಬರಿ ಲಾರಿಯ ಹಾರನ್ನು ಕಿವಿಗೆ ಬೀಳದೆ,
ಬಲಗೈ ಗೇಣು ದೂರ,
ಬಲಕ್ಕೆ ಒಂದಷ್ಟು ಜಾಗ ಬಿಟ್ಟು.